ಮೋತಿಬಿಂದುವಿನ ರಹಸ್ಯ ಮತ್ತು ಬೆಳಕಿನ ಸಾಕ್ಷ್ಯ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ವಿಜ್ಞಾನ ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿದ್ದಾರೆ. ಸ್ಮರಣ ಸಂಚಿಕೆಯೆಂದರೆ ನೆನಪುಗಳ ಬುತ್ತಿ. ಅದರಲ್ಲಿ ವಿಜ್ಞಾನಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ಆದರೆ ನಾನು ಆರಿಸಿಕೊಂಡಿರುವ ವಿಷಯ ಜಹೀರಾಬಾದು, ನಾರಾಯಣಖೇಡ, ತಾಂಡೂರು ಸೀಮೆಯ ಪ್ರತಿಯೊಂದು ಮನೆಗೂ ಸಂಬಂಧಿಸಿದ್ದು. ಶಾಲೆಯ ಮೊದಲ ತಂಡಗಳಲ್ಲಿ ಅಕ್ಷರ ಕಲಿತವರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ಕೆಲವರಿಗೆ ಕಣ್ಣಿನ ಪೊರೆ ಬಂದಿದೆ, ಕೆಲವರು ಅದನ್ನು ತೆಗೆಸಿಕೊಂಡೂ ಇದ್ದಾರೆ. ನಮ್ಮ ಕಡೆಯ ಮಾತಿನಲ್ಲಿ ಅದಕ್ಕೆ ಮೋತಿಬಿಂದು ಎಂದು ಹೆಸರು. ಮೋತಿ ಎಂದರೆ ಮುತ್ತು, ಬಿಂದು ಎಂದರೆ ಹನಿ. ಈ ಹೆಸರಿಟ್ಟವರು ಪಾಪೆಯ ನಡುವೆ ಕಾಣುವ ಬಿಳುಪನ್ನು ನೋಡಿ ಇಟ್ಟಿರಬೇಕು. ಆದರೂ ಈ ರೋಗದ ವಿಜ್ಞಾನದಲ್ಲಿ ನಿಜವಾಗಿಯೂ ಒಂದು ಹನಿಯ ಪ್ರಕರಣ ಬರುತ್ತದೆ ಎಂಬುದು ಸೋಜಿಗದ ಸಂಗತಿ.

ಕಣ್ಣಿನ ಕಪ್ಪು ಪಾಪೆಯ ಹಿಂದೆ ಸುಮಾರು 9 ಮಿಲಿಮೀಟರು ಅಗಲ, 4 ಮಿಲಿಮೀಟರು ದಪ್ಪದ ಒಂದು ಪಾರದರ್ಶಕ ಮಸೂರವಿದೆ. ಹೊರಗಿನಿಂದ ಬಂದ ಬೆಳಕನ್ನು ಕೂಡಿಸಿ ಹಿಂಬದಿಯ ಅಕ್ಷಿಪಟದ ಮೇಲೆ ಬೀಳಿಸುವುದು ಇದರ ಕೆಲಸ. ಈ ಮಸೂರದಲ್ಲಿ ಏನಿದೆ? ಮೂರರಲ್ಲಿ ಎರಡು ಪಾಲು ನೀರು, ಉಳಿದ ಒಂದು ಪಾಲು ಬಹುಮಟ್ಟಿಗೆ ಪ್ರೋಟೀನು. (ಹಳೆಯ ಕನ್ನಡ ಪಠ್ಯಪುಸ್ತಕಗಳಲ್ಲಿ ಇದನ್ನು ಸಸಾರಜನಕವೆಂದು ಕರೆಯುತ್ತಿದ್ದರು, ಪದ ಚೆನ್ನಾಗಿಯೇ ಇತ್ತು, ಬಳಕೆ ತಪ್ಪಿತು.) ಪ್ರೋಟೀನಿಗೆ ಹೆಸರಾದ ನಮ್ಮ ತಾಂಡೂರಿನ ತೊಗರಿಬೇಳೆಯಲ್ಲಿಯೂ ಅದರ ಪ್ರಮಾಣ ನೂರಕ್ಕೆ ಇಪ್ಪತ್ತೆರಡರ ಸುಮಾರು. ಅದಕ್ಕಿಂತ ಹೆಚ್ಚು ಪ್ರೋಟೀನನ್ನು ನೀರಿನಲ್ಲಿ ಕರಗಿಸಿಟ್ಟುಕೊಂಡೂ ಮಸೂರವು ಗಾಜಿನಂತೆ ತಿಳಿಯಾಗಿದೆ. ಬೇಳೆಯ ಕಟ್ಟಿನ ಮೂಲಕ ಪತ್ರಿಕೆ ಓದಲು ಯಾರಿಗಾದರೂ ಸಾಧ್ಯವೆ? ಕಣ್ಣು ಅಂಥ ಕೆಲಸವನ್ನೇ ನಿತ್ಯ ಮಾಡುತ್ತಿದೆ.

ಈ ಪ್ರೋಟೀನುಗಳಿಗೆ ಕ್ರಿಸ್ಟಲಿನ್‌ಗಳೆಂದು ಹೆಸರು. ಅವುಗಳಲ್ಲಿ ಆಲ್ಫಾ, ಬೀಟಾ, ಗ್ಯಾಮಾ ಎಂಬ ಮೂರು ಬಗೆ. ಇವುಗಳ ಇನ್ನೊಂದು ವೈಶಿಷ್ಟ್ಯವನ್ನು ಹೇಳಲೇಬೇಕು. ನಮ್ಮ ದೇಹದ ಬಹುಪಾಲು ಪ್ರೋಟೀನುಗಳು ಸವೆಯುತ್ತವೆ, ಹೊಸವು ಬರುತ್ತವೆ. ಚರ್ಮ ಕಳಚಿ ಹುಟ್ಟುತ್ತದೆ, ರಕ್ತದ ಕಣಗಳು ಕೆಲವು ತಿಂಗಳುಗಳಲ್ಲಿ ಬದಲಾಗುತ್ತವೆ. ಮಸೂರದ ನಡುಭಾಗದ ಜೀವಕೋಶಗಳು ಮಾತ್ರ ಬೆಳಕಿಗೆ ಅಡ್ಡಿಯಾಗದಂತೆ ತಮ್ಮ ಕೋಶಕೇಂದ್ರವನ್ನೇ ಕಳೆದುಕೊಂಡುಬಿಡುತ್ತವೆ; ಆದ್ದರಿಂದ ಅವು ಹೊಸ ಪ್ರೋಟೀನನ್ನು ತಯಾರಿಸಲಾರವು. ಅಲ್ಲಿಗೆ ರಕ್ತನಾಳಗಳೂ ಇಲ್ಲ. ತಾಯಿಯ ಗರ್ಭದಲ್ಲಿರುವಾಗ ತಯಾರಾದ ಪ್ರೋಟೀನೇ ಕೊನೆಯತನಕ. ಐವತ್ತು ವರ್ಷಗಳ ಹಿಂದೆ ಈ ಶಾಲೆಯ ಕರಿಹಲಗೆಯ ಮೇಲೆ ಗುರುಗಳು ಬರೆದ ‘ಅ’ಕಾರವು ಯಾವ ಅಣುಗಳ ಮೂಲಕ ಹಾದು ನಮ್ಮ ಅಕ್ಷಿಪಟವನ್ನು ಮುಟ್ಟಿತೋ, ಮಸೂರ ತೆಗೆಸದವರ ಕಣ್ಣುಗಳಲ್ಲಿ ಅದೇ ಅಣುಗಳು ಇಂದಿಗೂ ಇವೆ. ಇಷ್ಟು ದೀರ್ಘಕಾಲ ಅವು ಒಂದಕ್ಕೊಂದು ಅಂಟಿಕೊಳ್ಳದೆ ಕರಗಿಯೇ ಇರಬೇಕು.

ಪಾರದರ್ಶಕತೆಯ ಗುಟ್ಟೇನು? ಜಹೀರಾಬಾದಿನ ಕಡೆ ಕಬ್ಬಿನ ಗಾಣ ನೋಡಿದವರಿಗೆ ಕಬ್ಬಿನ ಹಾಲಿನ ಮೇಲಿನ ಬಿಳಿ ನೊರೆಯ ನೆನಪಿರಬಹುದು. ನೊರೆಯಲ್ಲಿರುವುದು ತೆಳುವಾದ ರಸದ ಪೊರೆ ಮತ್ತು ಗಾಳಿ. ಗಾಳಿಗೆ ಬಣ್ಣವಿಲ್ಲ, ತೆಳುಪೊರೆಯೂ ತಿಳಿಯೇ. ಆದರೂ ನೊರೆ ಬೆಳ್ಳಗಿರುತ್ತದೆ. ಸಣ್ಣ ಸಣ್ಣ ಗುಳ್ಳೆಗಳ ಅಂಚಿನಲ್ಲಿ ಬೆಳಕು ದಾರಿ ಬದಲಿಸಿ ಎಲ್ಲ ದಿಕ್ಕಿಗೂ ಚೆದರುವುದೇ ಅದಕ್ಕೆ ಕಾರಣ. ಬೆಳಕಿನ ತರಂಗದೂರ 400ರಿಂದ 700 ನ್ಯಾನೋಮೀಟರು. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರು. ಗ್ಯಾಮಾ ಕ್ರಿಸ್ಟಲಿನ್ ಕೆಲವೇ ನ್ಯಾನೋಮೀಟರುಗಳಷ್ಟು. ದೊಡ್ಡದಾದ ಆಲ್ಫಾ ಕ್ರಿಸ್ಟಲಿನ್ನಿನ ಗಾತ್ರವೂ ಹದಿನೈದು ನ್ಯಾನೋಮೀಟರಿನ ಆಸುಪಾಸು. ತರಂಗದ ಮುಂದೆ ಇವು ಲೆಕ್ಕಕ್ಕೇ ಇಲ್ಲ. ಅಷ್ಟೇ ಅಲ್ಲ, ದಟ್ಟವಾಗಿ ತುಂಬಿರುವಾಗ ಈ ಅಣುಗಳು ಅಕ್ಕಪಕ್ಕದಲ್ಲಿ ಹೆಚ್ಚುಕಡಿಮೆ ಸಮನಾದ ಅಂತರವನ್ನು ಕಾಯ್ದುಕೊಳ್ಳುತ್ತವೆಂದೂ, ಹಾಗಾಗಿ ಒಂದು ಅಣು ಚೆದರಿಸಿದ ಬೆಳಕನ್ನು ನೆರೆಯ ಅಣುಗಳು ಚೆದರಿಸಿದ ಬೆಳಕು ರದ್ದುಮಾಡುತ್ತದೆಂದೂ ಡೆಲೇ ಮತ್ತು ಟಾರ್ಡ್ಯೂ ಎಂಬ ವಿಜ್ಞಾನಿಗಳು 1983ರಲ್ಲಿ ತೋರಿಸಿಕೊಟ್ಟರು. ಈ ವ್ಯವಸ್ಥೆ ಕೆಟ್ಟು, ಕೆಲವು ನೂರು ನ್ಯಾನೋಮೀಟರುಗಳ ದಟ್ಟಣೆಗಳು ಅಲ್ಲಲ್ಲಿ ಹುಟ್ಟಿಕೊಂಡರೆ ಮಸೂರವು ನೊರೆಯ ಹಾಗೆ ಬೆಳ್ಳಗಾಗುತ್ತದೆ. ಮೋತಿಬಿಂದುವೆಂದರೆ ಇದೇ. ಕಣ್ಣಿನ ಮೇಲೆ ಹೊರಗಿನಿಂದ ಪೊರೆ ಬೆಳೆಯುತ್ತದೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಹೊರಗಿನಿಂದ ಏನೂ ಬೆಳೆಯುವುದಿಲ್ಲ.

ಈಗ ಹನಿಯ ವಿಷಯಕ್ಕೆ ಬರೋಣ. ಎಳೆಗರುವಿನ ಅಥವಾ ಎಳೆಯ ಇಲಿಯ ಮಸೂರವನ್ನು ಹೊರತೆಗೆದು ತಣ್ಣಗೆ ಮಾಡಿದರೆ ಅದರ ನಡುಭಾಗ ಬೆಳ್ಳಗಾಗುತ್ತದೆ. ಮೈಯ ಶಾಖಕ್ಕೆ ತಂದರೆ ಕೆಲವೇ ಹೊತ್ತಿನಲ್ಲಿ ಮತ್ತೆ ತಿಳಿಯಾಗುತ್ತದೆ. ಇದಕ್ಕೆ ಶೀತದ ಪೊರೆ ಎನ್ನುತ್ತಾರೆ. ಅಮೇರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ತೊಯೊಯಿಚಿ ತನಾಕಾ ಮತ್ತು ಸಂಗಡಿಗರು 1977ರಲ್ಲಿ ಇದರ ಕಾರಣವನ್ನು ವಿವರಿಸಿದರು. ತಣ್ಣಗಾದಾಗ ಪ್ರೋಟೀನಿನ ದ್ರಾವಣವು ಎರಡು ದ್ರವಗಳಾಗಿ ಬೇರ್ಪಡುತ್ತದೆ: ಒಂದರಲ್ಲಿ ಪ್ರೋಟೀನು ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ದುಂಡು ಹನಿಗಳಾಗಿ ತೇಲುವಂತೆ, ಪ್ರೋಟೀನು ಹೆಚ್ಚಾಗಿರುವ ದ್ರವವು ಸಣ್ಣ ಹನಿಗಳಾಗಿ ನಿಲ್ಲುತ್ತದೆ. ಎರಡು ಹನಿಗಳು ತಾಗಿದರೆ ಕೂಡಿಕೊಂಡು ಒಂದೇ ದೊಡ್ಡ ಹನಿಯಾಗುತ್ತವೆ. ಬೆಚ್ಚಗಾದರೆ ಕರಗುತ್ತವೆ. ಒಳಗಿನ ಅಣುಗಳು ತಮ್ಮ ಸಹಜ ಆಕಾರವನ್ನು ಕಳೆದುಕೊಂಡಿರುವುದಿಲ್ಲ. ಮುಖ್ಯವಾಗಿ ಗ್ಯಾಮಾ ಕ್ರಿಸ್ಟಲಿನ್ನಿನಲ್ಲಿ ಈ ಪ್ರವೃತ್ತಿ ಹೆಚ್ಚೆಂದು ಮುಂದೆ ತಿಳಿದುಬಂತು.

ಮುದ್ದೆಗಟ್ಟುವುದು ಇದಕ್ಕಿಂತ ತೀರ ಭಿನ್ನ. ಒಡೆದ ಹಾಲನ್ನು ಮತ್ತೆ ಹಾಲು ಮಾಡಲಾಗದು; ಬೇಯಿಸಿದ ಮೊಟ್ಟೆಯ ಬಿಳಿಭಾಗವನ್ನು ತಣ್ಣೀರಿನಲ್ಲಿಟ್ಟರೆ ಹಸಿಯಾಗದು. ಅಲ್ಲಿ ಪ್ರೋಟೀನಿನ ಸರಪಳಿ ಬಿಚ್ಚಿಕೊಂಡು, ಒಳಗೆ ಅಡಗಿದ್ದ ನೀರಿಗೊಲ್ಲದ ಭಾಗಗಳು ಹೊರಗೆ ಬಂದು, ಅವು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ವಯಸ್ಸಾದವರ ಮೋತಿಬಿಂದು ಬಹುಮಟ್ಟಿಗೆ ಈ ಎರಡನೆಯ ಜಾತಿಗೆ ಸೇರಿದ್ದು. ಆದರೆ ಬರಿಗಣ್ಣಿಗೆ ಹನಿಯೂ ಬಿಳಿ, ಮುದ್ದೆಯೂ ಬಿಳಿ. ಒಂದು ಹಿಂದಿರುಗಬಲ್ಲದು, ಇನ್ನೊಂದು ಹಿಂದಿರುಗಲಾರದು. ಇವೆರಡನ್ನೂ ಬೇರ್ಪಡಿಸಿ ತಿಳಿಯುವುದು ಹೇಗೆ ಎಂಬುದೇ ಪ್ರಶ್ನೆ. ಇಲ್ಲಿ ನೆರವಿಗೆ ಬರುವುದು ರೋಹಿತದರ್ಶನ.

ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಏಳು ಬಣ್ಣಗಳಾಗಿ ಬಿಡಿಸಿಕೊಳ್ಳುವುದನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಆ ಬಣ್ಣಗಳ ಪಟ್ಟಿಯೇ ರೋಹಿತ. ಒಂದು ವಸ್ತುವಿನ ಮೇಲೆ ಬೆಳಕು ಬಿಟ್ಟು, ಯಾವ ತರಂಗದೂರದ ಬೆಳಕು ಎಷ್ಟು ಹೀರಲ್ಪಟ್ಟಿತು, ಎಷ್ಟು ಚೆದರಿತು, ಎಷ್ಟು ಹೊಸದಾಗಿ ಹೊರಟಿತು ಎಂದು ಅಳೆದು, ಅದರಿಂದ ಅಣುವಿನ ಸ್ಥಿತಿಯನ್ನು ಊಹಿಸುವ ವಿದ್ಯೆಗೆ ರೋಹಿತದರ್ಶನವೆಂದು ಹೆಸರು. ರಸಾಯನಶಾಸ್ತ್ರದ ಅಧ್ಯಾಪಕನಾಗಿ ಈ ಉಪಕರಣಗಳ ಮುಂದೆ ಕುಳಿತು ನಾನು ಕಳೆದ ಗಂಟೆಗಳಿಗೆ ಲೆಕ್ಕವಿಲ್ಲ. ಹೊರನೋಟಕ್ಕೆ ಕಪ್ಪು ಪೆಟ್ಟಿಗೆ, ಒಳಗೊಂದು ಬೆರಳುಗಾತ್ರದ ಸ್ಫಟಿಕಶಿಲೆಯ ಪಾತ್ರೆ. ಅದರಲ್ಲಿ ನಡೆಯುವುದನ್ನು ನಿಮಿಷ ನಿಮಿಷಕ್ಕೂ ಗೆರೆ ಎಳೆದು ತೋರಿಸುತ್ತದೆ.

ಪ್ರೋಟೀನಿನಲ್ಲಿ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲವಿರುತ್ತದೆ. ಇದರ ಮೇಲೆ 295 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು ಬಿಟ್ಟರೆ ಅದು ತಾನೇ ಮಂದವಾಗಿ ಬೆಳಗುತ್ತದೆ. ಇದಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ. ಪ್ರೋಟೀನು ಸರಿಯಾಗಿ ಮಡಚಿಕೊಂಡು ಟ್ರಿಪ್ಟೋಫ್ಯಾನ್ ಒಳಗೆ ಅಡಗಿದ್ದರೆ ಆ ಬೆಳಕು 330 ನ್ಯಾನೋಮೀಟರಿನ ಸುಮಾರಿನಲ್ಲಿರುತ್ತದೆ. ಪ್ರೋಟೀನು ಬಿಚ್ಚಿಕೊಂಡು ಟ್ರಿಪ್ಟೋಫ್ಯಾನ್ ನೀರಿಗೆ ಒಡ್ಡಿಕೊಂಡರೆ 350ರ ಕಡೆಗೆ ಸರಿಯುತ್ತದೆ. ಹಾಗೆಂದರೆ ದ್ರಾವಣ ಬೆಳ್ಳಗಾದಾಗಲೂ ಈ ಗೆರೆ ಇದ್ದಲ್ಲೇ ಇದ್ದರೆ ಅಣುಗಳು ಆಕಾರ ಕೆಡದೆ ಬರಿದೆ ಹನಿಯಾಗಿ ಕೂಡಿವೆಯೆಂದು ಊಹಿಸಬಹುದು. ಗೆರೆ ಸರಿದಿದ್ದರೆ ಬಿಚ್ಚುವಿಕೆ ಶುರುವಾಗಿದೆ. ಒಂದೇ ಸಾಕ್ಷಿಯನ್ನು ನಂಬಬಾರದು, ಚೆದರಿಕೆಯನ್ನೂ ಜೊತೆಗೆ ಅಳೆಯಬೇಕು, ಬಿಸಿ ಮಾಡಿ ತಣಿಸಿ ನೋಡಬೇಕು. ಇನ್ನು ಕೆಲವು ಬಣ್ಣದ್ರವ್ಯಗಳಿವೆ. ಅವು ನೀರಿನಲ್ಲಿ ಹೆಚ್ಚುಕಡಿಮೆ ಕತ್ತಲಾಗಿರುತ್ತವೆ. ಪ್ರೋಟೀನಿನ ನೀರಿಗೊಲ್ಲದ ಭಾಗ ಹೊರಗೆ ಕಾಣಿಸಿಕೊಂಡ ಕೂಡಲೇ ಅದಕ್ಕೆ ಅಂಟಿಕೊಂಡು ಪ್ರಜ್ವಲಿಸುತ್ತವೆ.

ಇಂಥ ಕೆಲಸ ಎಲ್ಲೋ ದೂರದ ದೇಶಗಳಲ್ಲಿ ಮಾತ್ರ ನಡೆಯಿತೆಂದು ತಿಳಿಯಬಾರದು. ಜಹೀರಾಬಾದಿನಿಂದ ಸುಮಾರು ನೂರು ಕಿಲೋಮೀಟರು ದೂರದ ಹೈದರಾಬಾದಿನಲ್ಲಿ, ಉಪ್ಪಲ್ ರಸ್ತೆಯ ಹಬ್ಸಿಗುಡದಲ್ಲಿ, ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರವಿದೆ. ಸಿ.ಸಿ.ಎಂ.ಬಿ. ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಸಂಸ್ಥೆ 1977ರಲ್ಲಿ ಆರಂಭವಾಯಿತು. ಮುಂದೆ ಅದರ ನಿರ್ದೇಶಕರಾದ ಡಿ. ಬಾಲಸುಬ್ರಮಣಿಯನ್ ಮತ್ತು ಸಿಎಚ್. ಮೋಹನರಾವ್ ಇಬ್ಬರೂ ಕಣ್ಣಿನ ಮಸೂರದ ಪ್ರೋಟೀನುಗಳ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದವರು.

ಹಿನ್ನೆಲೆ ಹೀಗಿದೆ. ಆಲ್ಫಾ ಕ್ರಿಸ್ಟಲಿನ್ ಬರಿಯ ತುಂಬುವಸ್ತುವಲ್ಲ, ಕೆಡಲಾರಂಭಿಸಿದ ಇತರ ಪ್ರೋಟೀನುಗಳನ್ನು ಹಿಡಿದುಕೊಂಡು ಮುದ್ದೆಗಟ್ಟದಂತೆ ತಡೆಯುವ ಕಾವಲುಗಾರ ಎಂಬುದನ್ನು ಅಮೇರಿಕದ ಜೋಸೆಫ್ ಹಾರ್ವಿಟ್ಜ್ 1992ರಲ್ಲಿ ತೋರಿಸಿದ್ದರು. ಸಾಮಾನ್ಯವಾಗಿ ಪ್ರೋಟೀನನ್ನು ಕಾಯಿಸಿ ಕೆಡಿಸಿ ಈ ಪ್ರಯೋಗ ಮಾಡುತ್ತಾರೆ. ಹಾಗೆ ಮಾಡಿದರೆ ಶಾಖವು ಕಾವಲುಗಾರನ ಮೇಲೂ ಏನು ಪರಿಣಾಮ ಮಾಡುತ್ತದೆಂದು ಪ್ರತ್ಯೇಕವಾಗಿ ತಿಳಿಯುವುದು ಕಷ್ಟ. ಮೋಹನರಾವ್, ಬಿ. ರಾಮನ್, ಟಿ. ರಾಮಕೃಷ್ಣ ಮೊದಲಾದವರು ಬೇರೊಂದು ದಾರಿ ಹಿಡಿದರು. (ಈ ರಾಮನ್ ಬೇರೆ, ಸರ್ ಸಿ.ವಿ. ರಾಮನ್ ಬೇರೆ, ಅವರ ವಿಷಯ ಮುಂದೆ ಬರಲಿದೆ.) ಸಕ್ಕರೆ ರೋಗಕ್ಕೆ ಚುಚ್ಚುವ ಇನ್ಸುಲಿನ್ನಿನಲ್ಲಿ ಎರಡು ಸರಪಳಿಗಳಿವೆ, ಅವನ್ನು ಗಂಧಕದ ಬಂಧಗಳು ಹಿಡಿದಿರುತ್ತವೆ. ಒಂದು ರಾಸಾಯನಿಕದಿಂದ ಆ ಬಂಧಗಳನ್ನು ಕತ್ತರಿಸಿದರೆ ಒಂದು ಸರಪಳಿ ಮುದ್ದೆಗಟ್ಟಿ ದ್ರಾವಣ ಮಜ್ಜಿಗೆಯಂತಾಗುತ್ತದೆ. ಕಾಯಿಸುವ ಅಗತ್ಯವೇ ಇಲ್ಲ. ಹಾಗಾಗಿ ಯಾವ ಉಷ್ಣತೆಯಲ್ಲಿ ಬೇಕಾದರೂ ಈ ಪ್ರಯೋಗ ನಡೆಸಬಹುದು. ಅತಿನೇರಳೆ ಬೆಳಕಿನಿಂದ ಗ್ಯಾಮಾ ಕ್ರಿಸ್ಟಲಿನ್ನನ್ನು ಮುದ್ದೆಗಟ್ಟಿಸಿಯೂ ನೋಡಿದರು. 1990ರ ದಶಕದಲ್ಲಿ ಅವರು ಕಂಡದ್ದು: ಆಲ್ಫಾ ಕ್ರಿಸ್ಟಲಿನ್ನಿನ ರಕ್ಷಣಾಶಕ್ತಿ 30 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ ಹಲವು ಪಟ್ಟು ಹೆಚ್ಚುತ್ತದೆ. ಆಗಲೇ ಹೇಳಿದ ಬಣ್ಣದ್ರವ್ಯಗಳೂ ಅದೇ ಉಷ್ಣತೆಯಿಂದ ಮೇಲೆ ಹೆಚ್ಚು ಬೆಳಗಿದವು. ಅಂದರೆ ಬೆಚ್ಚಗಾದಾಗ ಕಾವಲುಗಾರನು ತನ್ನ ಒಳಗಿನ, ನೀರಿಗೊಲ್ಲದ ಮೈಯನ್ನು ತೆರೆದುಕೊಂಡು ಕೆಟ್ಟ ಪ್ರೋಟೀನನ್ನು ಹಿಡಿದುಕೊಳ್ಳಲು ಸಜ್ಜಾಗುತ್ತಾನೆ. ಬೆಳಕಿನ ಒಂದು ಗೆರೆ ಏರುವುದನ್ನು ನೋಡಿ ಅಣುವಿನ ಇಂಗಿತವನ್ನು ತಿಳಿದ ಈ ಕೆಲಸ ನನಗೆ ಬಹು ಮೆಚ್ಚುಗೆಯಾದುದು. ಉಪಕರಣ ಸರಳ, ಪ್ರಶ್ನೆ ಚೊಕ್ಕ.

ಕಾವಲುಗಾರರ ಸಂಖ್ಯೆ ಮಾತ್ರ ಮಿತವಾದದ್ದು. ಹಿಡಿದುಕೊಂಡ ಹೊರೆಯನ್ನು ಇಳಿಸುವಂತಿಲ್ಲ, ಹೊಸಬರು ಬರುವಂತಿಲ್ಲ. ನಲವತ್ತರ ಹೊತ್ತಿಗೆ ಮಸೂರದ ನಡುಭಾಗದಲ್ಲಿ ಕರಗಿದ ಸ್ಥಿತಿಯ ಆಲ್ಫಾ ಕ್ರಿಸ್ಟಲಿನ್ ಬಹುತೇಕ ಮುಗಿದಿರುತ್ತದೆ. ನಮ್ಮಲ್ಲಿ ನಲವತ್ತಕ್ಕೆ ಬರುವ ದೃಷ್ಟಿದೋಷಕ್ಕೆ ಚಾಳೀಸು ಎಂದೇ ಹೆಸರಲ್ಲವೆ? ಮಸೂರ ಬಿರುಸಾಗಿ ಸಮೀಪದ ಅಕ್ಷರ ಕಾಣದಿರುವ ಚಾಳೀಸು ಬೇರೆ, ಮೋತಿಬಿಂದು ಬೇರೆ. ಆದರೂ ಎರಡರ ಹಿಂದೆಯೂ ಇದೇ ಪ್ರೋಟೀನಿನ ಮುಪ್ಪು ಇದೆ. ಹೊಲದ ಬಿಸಿಲು, ಒಲೆಯ ಹೊಗೆ, ಬೀಡಿ, ಸಕ್ಕರೆ ರೋಗ ಇವು ಆ ಮುಪ್ಪನ್ನು ಬೇಗ ತರುತ್ತವೆ.

ಸರ್ ಸಿ.ವಿ. ರಾಮನ್ 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಪ್ರಕಟಪಡಿಸಿದ ಪರಿಣಾಮವೂ ಈ ಕಥೆಯಲ್ಲಿ ಸೇರಿದೆ. 1933ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೂ ಅಲ್ಲಿಯೇ ನೆಲೆಸಿದ ಅವರನ್ನು ಕನ್ನಡಿಗರು ತಮ್ಮವರೆಂದೇ ಭಾವಿಸಿದ್ದಾರೆ. ಅಣುವಿನಿಂದ ಚೆದರುವ ಬೆಳಕಿನಲ್ಲಿ ಬಹಳ ಅಲ್ಪ ಭಾಗ ತನ್ನ ಬಣ್ಣವನ್ನು ತುಸು ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತೆಂಬುದು ಅಣುವಿನ ಬಂಧಗಳ ಕಂಪನವನ್ನು ಅವಲಂಬಿಸಿದೆ. ಮಸೂರವನ್ನು ಕತ್ತರಿಸದೆ, ಅರೆಯದೆ, ಇಡಿಯಾಗಿಯೇ ಲೇಸರ್ ಬೆಳಕಿನಲ್ಲಿಟ್ಟು ಅಮೇರಿಕದ ನೈ-ಟೆಂಗ್ ಯೂ ಮತ್ತು ಸಂಗಡಿಗರು 1970ರ ದಶಕದಿಂದ ರಾಮನ್ ರೋಹಿತಗಳನ್ನು ದಾಖಲಿಸಿದರು. ಗಂಧಕ ಮತ್ತು ಜಲಜನಕದ ಬಂಧ 2580ರ ಬಳಿ ಒಂದು ಶಿಖರವನ್ನು ಕೊಡುತ್ತದೆ. ಎರಡು ಗಂಧಕಗಳು ಪರಸ್ಪರ ಬೆಸೆದುಕೊಂಡರೆ 510ರ ಬಳಿ ಇನ್ನೊಂದು. (ಈ ಅಂಕಿಗಳು ಒಂದು ಸೆಂಟಿಮೀಟರಿನಲ್ಲಿ ಎಷ್ಟು ತರಂಗಗಳು ಎಂಬ ಲೆಕ್ಕದವು.) ಇಲಿಗಳಿಗೆ ವಯಸ್ಸಾದಂತೆ ಮಸೂರದ ನಡುವೆ ಮೊದಲನೆಯದು ಕುಗ್ಗುತ್ತದೆ, ಎರಡನೆಯದು ಏಳುತ್ತದೆ. ಪ್ರೋಟೀನುಗಳಿಗೆ ಹೊಲಿಗೆ ಬೀಳುತ್ತಿದೆಯೆಂದು ಅರ್ಥ. ಹನಿಗೆ ಹೊಲಿಗೆ ಬಿದ್ದರೆ ಅದು ಮತ್ತೆ ಹನಿಯಾಗಿ ಉಳಿಯುವುದಿಲ್ಲ.

ಹನಿಗಳ ವಿಷಯ ಕಣ್ಣಿಗಷ್ಟೇ ಸೀಮಿತವಲ್ಲ ಎಂಬುದು ಇತ್ತೀಚಿನ ತಿಳಿವು. ಜೀವಕೋಶದೊಳಗೆ ಕೆಲವು ಪ್ರೋಟೀನುಗಳು ಹೀಗೆಯೇ ದ್ರವದ ಹನಿಗಳಾಗಿ ಕೂಡಿ, ಕೆಲಸ ಮುಗಿದ ಮೇಲೆ ಕರಗುತ್ತವೆಂಬುದನ್ನು ಬ್ರಾಂಗ್‌ವಿನ್, ಹೈಮನ್ ಮೊದಲಾದವರು 2009ರಲ್ಲಿ ಒಂದು ಸಣ್ಣ ಹುಳುವಿನ ಕೋಶಗಳಲ್ಲಿ ತೋರಿಸಿದರು. ಆ ಹನಿಗಳು ಕರಗದೆ ಗಟ್ಟಿಯಾದರೆ ಕೆಲವು ನರರೋಗಗಳಿಗೆ ದಾರಿಯಾಗಬಹುದು. ಮೊಹಾಲಿಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಸಮ್ರಾಟ್ ಮುಖೋಪಾಧ್ಯಾಯ ಅವರ ತಂಡವು 2022ರಲ್ಲಿ ಬೆಳ್ಳಿಯ ಅತಿಸೂಕ್ಷ್ಮ ಕಣಗಳ ನೆರವಿನಿಂದ ಅಂಥ ಒಂದೊಂದೇ ಹನಿಯ ರಾಮನ್ ರೋಹಿತವನ್ನು ಪಡೆದು, ಒಳಗಿನ ಅಣುಗಳ ವಿನ್ಯಾಸವನ್ನು ಪರಿಶೀಲಿಸಿತು.

ಇಷ್ಟೆಲ್ಲ ವಿವರ ಯಾಕೆ ಬೇಕಿತ್ತೆಂದರೆ, ನಮ್ಮ ಸೀಮೆಯಲ್ಲಿ ಮೋತಿಬಿಂದುವನ್ನು ಹನಿಮದ್ದಿನಿಂದ ಕರಗಿಸುವೆವೆಂದು ಹೇಳುವವರಿಗೆ ಕೊರತೆಯಿಲ್ಲ. ನನ್ನ ಸೋದರತ್ತೆಯವರು ಇಂಥವರೊಬ್ಬರ ಮಾತು ನಂಬಿ ಎರಡು ವರ್ಷ ಶೀಸೆಯ ಮೇಲೆ ಶೀಸೆ ಕೊಂಡರು. ಆಪರೇಷನ್ ಎಂದರೆ ಅವರಿಗೆ ಹೆದರಿಕೆ. ಮದ್ದು ಮಾರಿದವನಿಗೆ ಆ ಹೆದರಿಕೆಯೇ ಬಂಡವಾಳ. ಮಸೂರ ಅತಿಯಾಗಿ ಹಣ್ಣಾದರೆ ಅದರ ಪ್ರೋಟೀನು ಸೋರಿ ಕಣ್ಣಿನೊಳಗಿನ ದ್ರವದ ದಾರಿಯನ್ನು ಕಟ್ಟಿಬಿಡುತ್ತದೆ, ಒತ್ತಡ ಏರುತ್ತದೆ, ನರ ಸಾಯುತ್ತದೆ. ಅತ್ತೆಯವರ ಒಂದು ಕಣ್ಣು ಹೀಗೆ ಹೋಯಿತು. ಇನ್ನೊಂದು ಕಣ್ಣಿಗೆ ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಆದುದರಿಂದ ಕೊನೆಯವರೆಗೂ ಅವರು ತಮ್ಮ ಕೈಯಿಂದಲೇ ಜೋಳದ ರೊಟ್ಟಿ ಬಡಿಯುತ್ತಿದ್ದರು.

ಹನಿಮದ್ದಿನ ಪ್ರಯತ್ನ ವಿಜ್ಞಾನಿಗಳೂ ಮಾಡಿಲ್ಲವೆಂದಲ್ಲ. ಲ್ಯಾನೋಸ್ಟೆರಾಲ್ ಎಂಬ ವಸ್ತು ನಾಯಿಗಳ ಮಸೂರದ ಬಿಳುಪನ್ನು ಕಡಿಮೆ ಮಾಡಿತೆಂದು 2015ರಲ್ಲಿ ವರದಿಯಾಯಿತು. ಪತ್ರಿಕೆಗಳು ಅದನ್ನು ದೊಡ್ಡದಾಗಿ ಪ್ರಕಟಿಸಿದವು. ಅದೇ ವರ್ಷ ಬೆಂಗಳೂರಿನ ಕಣ್ಣಿನ ವೈದ್ಯರು, ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಮನುಷ್ಯರ ಮಸೂರದ ಗಟ್ಟಿಭಾಗಗಳನ್ನು ಆ ವಸ್ತುವಿನ ದ್ರಾವಣದಲ್ಲಿ ಹಲವು ದಿನ ಇಟ್ಟು ನೋಡಿದರು. ಅವು ತಿಳಿಯಾಗಲಿಲ್ಲ. 2019ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯ ಫಲಿತಾಂಶವೂ ಹಾಗೆಯೇ. ಬಿಡಿಸಿಕೊಳ್ಳಬಲ್ಲ ಹನಿಗೂ ಹೊಲಿಗೆ ಬಿದ್ದ ಮುದ್ದೆಗೂ ಇರುವ ಅಂತರವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಆದ್ದರಿಂದ ಇಂದಿಗೂ ಪರಿಹಾರ ಶಸ್ತ್ರಚಿಕಿತ್ಸೆಯೊಂದೇ. ಬೀಳಗಿಯಲ್ಲಿ ಜನಿಸಿದ ಡಾ. ಎಂ.ಸಿ. ಮೋದಿಯವರ ನೇತ್ರ ಶಿಬಿರಗಳ ಹೆಸರು ಕೇಳದ ಹಿರಿಯ ಕನ್ನಡಿಗರು ವಿರಳ. 2005ರಲ್ಲಿ ನಿಧನರಾದ ಅವರು ಊರೂರಿಗೆ ಹೋಗಿ ಲಕ್ಷಾಂತರ ಬಡವರಿಗೆ ದೃಷ್ಟಿ ಕೊಟ್ಟರು. ಆ ಕಾಲದ ಶಿಬಿರಗಳಲ್ಲಿ ಕೆಟ್ಟ ಮಸೂರವನ್ನು ತೆಗೆದುಬಿಡುತ್ತಿದ್ದರು, ಅದರ ಬದಲಿಗೆ ದಪ್ಪ ಗಾಜಿನ ಚಸ್ಮಾ ಹಾಕಿಕೊಳ್ಳಬೇಕಾಗಿತ್ತು. ಈಗ ಕೃತಕ ಮಸೂರವನ್ನು ಒಳಗೇ ಕೂರಿಸುತ್ತಾರೆ. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಇದನ್ನು ಮೊದಲು ಮಾಡಿದರು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಕಿಟಕಿಯ ಪ್ಲಾಸ್ಟಿಕ್ಕಿನ ಚೂರುಗಳು ಚಾಲಕರ ಕಣ್ಣಿನಲ್ಲಿ ಉಳಿದರೂ ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಗಮನಿಸಿ ಅವರಿಗೆ ಈ ಉಪಾಯ ಹೊಳೆಯಿತು. 1956ರವರೆಗೆ ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಗೂ ತಾಂಡೂರು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದುದರಿಂದ ನಮ್ಮ ಹಿರಿಯರು ವೈದ್ಯಕ್ಕೆ ಆ ಊರುಗಳ ದಾರಿ ಹಿಡಿಯುತ್ತಿದ್ದರು. ಈಗ ಹೈದರಾಬಾದಿನ ದಾರಿಯೂ ಅಷ್ಟೇ ಸಲೀಸಾಗಿದೆ.

ಕೊನೆಯದಾಗಿ ಒಂದು ಉಪಕರಣದ ಸಂಗತಿ. ಅಣುಗಳು ದ್ರವದಲ್ಲಿ ಸದಾ ಅಲುಗಾಡುತ್ತಿರುತ್ತವೆ: ಸಣ್ಣವು ಚುರುಕಾಗಿ, ದೊಡ್ಡವು ನಿಧಾನವಾಗಿ. ಅವುಗಳಿಂದ ಚೆದರಿದ ಬೆಳಕೂ ಅದಕ್ಕೆ ತಕ್ಕಂತೆ ಮಿನುಗುತ್ತದೆ. ಈ ಮಿನುಗನ್ನು ಅಳೆದರೆ, ಬಿಳುಪು ಕಾಣಿಸಿಕೊಳ್ಳುವ ಮೊದಲೇ, ಮಸೂರದಲ್ಲಿ ಬಿಡಿಯಾಗಿ ಉಳಿದ ಆಲ್ಫಾ ಕ್ರಿಸ್ಟಲಿನ್ ಎಷ್ಟೆಂದು ಅಂದಾಜು ಮಾಡಬಹುದು. ಅಮೇರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ ಮತ್ತು ಬಾಹ್ಯಾಕಾಶ ಸಂಸ್ಥೆ ನಾಸಾ ಕೂಡಿ ಮನುಷ್ಯರ ಕಣ್ಣಿಗೆ ಮಂದ ಲೇಸರ್ ಹಾಯಿಸಿ ಹೀಗೆ ಅಳೆದ ಫಲಿತಾಂಶಗಳನ್ನು 2008ರಲ್ಲಿ ಪ್ರಕಟಿಸಿದವು. ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ಅದನ್ನು ಹುಡುಕಬೇಕಾಗಿಲ್ಲ. ಅಲ್ಲಿ ಇರುವುದು ಸೀಳುದೀಪ. ಕತ್ತಲೆ ಕೋಣೆಯಲ್ಲಿ ಗದ್ದವನ್ನು ಊರಿಸಿ ಕೂರಿಸಿ, ಕಿರಿದಾದ ಬೆಳಕಿನ ಪಟ್ಟಿಯೊಂದನ್ನು ಓರೆಯಾಗಿ ಕಣ್ಣೊಳಗೆ ಬಿಟ್ಟು ವೈದ್ಯರು ನೋಡುತ್ತಾರಲ್ಲ, ಆಗ ಅವರಿಗೆ ಮಸೂರದಲ್ಲಿ ಕಾಣುವ ಬಿಳುಪೂ ಪ್ರೋಟೀನಿನ ಮುದ್ದೆಗಳಿಂದ ಚೆದರಿ ಬಂದ ಬೆಳಕೇ.